ಹಳೇ ಸೀರೆಗೆ ಯಾವ ಬಣ್ಣ? ಮನೆಯಲ್ಲಿ ಬಟ್ಟೆ, ನೂಲು ಅದ್ದುವವರಿಗೆ

ಹೋದ ಆಟಿ ತಿಂಗಳಲ್ಲಿ ಕಾರ್ಕಳದ ದೊಡ್ಡಮ್ಮ ಒಂದು ಸೀರೆ ತಂದು ನನ್ನ ಮುಂದೆ ಹರಡಿದರು. ಮೂವತ್ತು ವರ್ಷ ಹಳೆಯ ಉಡುಪಿ ಕೈಮಗ್ಗದ ಸೀರೆ. ನೂಲು ಇನ್ನೂ ಗಟ್ಟಿ ಇದೆ. ಬಣ್ಣ ಮಾತ್ರ ಎಲ್ಲಿ ಹೋಯಿತೋ. ಮೈಯೆಲ್ಲ ಬೂದು ಬೂದು, ಸೆರಗಿನ ಹೊಲಿಗೆಯ ಒಳಗೆ ಮಾತ್ರ ಹಳೇ ನೇರಳೆ ಇಣುಕುತ್ತಿತ್ತು. ಅಂಚು ಸಾಸಿವೆ ಹಳದಿ, ಅದೂ ಮಾಸಿದ್ದು.

"ಇದಕ್ಕೊಂದು ಬಣ್ಣ ಹಾಕಿ ಕೊಡು ಮಾರಾಯ್ತಿ" ಎಂದರು.

"ಯಾವ ಬಣ್ಣ ದೊಡ್ಡಮ್ಮ?" ಎಂದೆ.

"ನೇರಳೆ. ಮತ್ತೇನು?"

ನಾನು ಕೇಳಿದ್ದು ಅದಲ್ಲ. ಅಂಗಡಿಯಲ್ಲಿ ನೇರಳೆ ಎಂದು ಸಿಗುವ ಪುಡಿ ಐದಾರು ಜಾತಿಯದ್ದಿರುತ್ತದೆ. ಒಂದನ್ನು ಕುದಿಸಬೇಕು, ಒಂದನ್ನು ಕುದಿಸಬಾರದು. ಒಂದು ಹತ್ತಿಗೆ ಮಾತ್ರ, ಒಂದು ರೇಷ್ಮೆಗೆ ಮಾತ್ರ. ಒಂದು ಮೂರನೇ ಒಗೆತಕ್ಕೆ ಬಕೆಟ್ ಪಾಲಾಗುತ್ತದೆ, ಇನ್ನೊಂದು ಸೀರೆ ಹರಿದರೂ ಹೋಗುವುದಿಲ್ಲ. ಎಂಟು ವರ್ಷದಿಂದ ಬಚ್ಚಲಲ್ಲಿ ಬಕೆಟ್ ಇಟ್ಟುಕೊಂಡು ಬಟ್ಟೆ, ನೂಲು ಅದ್ದುತ್ತಿದ್ದೇನೆ. ಕೈಯಿಂದ ತಪ್ಪಿದ್ದೂ ಬೇಕಾದಷ್ಟಿದೆ. ಯಾವುದಕ್ಕೆ ಯಾವುದು ಎಂಬ ಲೆಕ್ಕ ಈಗ ಒಂದು ಮಟ್ಟಿಗೆ ಕೈಗೆ ಹತ್ತಿದೆ.

ಮೊದಲು ಬೆಂಕಿಕಡ್ಡಿ ಗೀರಿ

ಬಣ್ಣದ ಪ್ಯಾಕೆಟ್ ಮುಟ್ಟುವ ಮೊದಲು ಬಟ್ಟೆ ಯಾವುದು ನೋಡಿ. ಬದಿಯಿಂದ ಎರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಡಿ. ಕಾಗದ ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗುವ ಮೆತ್ತನೆ ಬೂದಿ ಬಂತೆಂದರೆ ಹತ್ತಿ, ಲಿನನ್ ಅಥವಾ ವಿಸ್ಕೋಸ್. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಅಥವಾ ಉಣ್ಣೆ. ಕರಗಿ, ಆರಿದ ಮೇಲೆ ಗಟ್ಟಿ ಮಣಿಯಂತಾದರೆ ಪಾಲಿಯೆಸ್ಟರ್ ಇಲ್ಲವೇ ನೈಲಾನ್.

ಪಾಲಿಯೆಸ್ಟರ್ ಆದರೆ ಅಲ್ಲಿಗೇ ನಿಲ್ಲಿಸಿ. ಅದಕ್ಕೆ ಡಿಸ್ಪರ್ಸ್ ಎನ್ನುವ ಬೇರೆಯೇ ಬಣ್ಣ ಬೇಕು. ಕಾರ್ಖಾನೆಯಲ್ಲಿ ಒತ್ತಡದ ಪಾತ್ರೆಯಲ್ಲಿ 130 ಡಿಗ್ರಿ ಬಿಸಿಯಲ್ಲಿ ಹಾಕುತ್ತಾರೆ. ನಮ್ಮ ಒಲೆಯ ಮೇಲೆ ನೀರು 100 ಡಿಗ್ರಿ ದಾಟುವುದಿಲ್ಲ, ಅಲ್ವಾ? ಅರ್ಧ ಹತ್ತಿ, ಅರ್ಧ ಪಾಲಿಯೆಸ್ಟರ್ ಇರುವ ಬಟ್ಟೆಯಲ್ಲಿ ಹತ್ತಿಯ ಎಳೆ ಮಾತ್ರ ಬಣ್ಣ ಕುಡಿಯುತ್ತದೆ. ಕಡು ನೀಲಿ ಬೇಕೆಂದು ಹಾಕಿದರೆ ತೆಳು ನೀಲಿ ಬರುತ್ತದೆ. ಹೊಲಿಗೆಯ ದಾರವೂ ಸಾಮಾನ್ಯವಾಗಿ ಪಾಲಿಯೆಸ್ಟರ್. ಬಿಳಿ ಕುರ್ತಾವನ್ನು ಕೆಂಪು ಮಾಡಿದರೆ ಹೊಲಿಗೆಯೆಲ್ಲ ಬಿಳಿಯಾಗಿಯೇ ಎದ್ದು ಕಾಣುತ್ತದೆ. ನನಗದು ಚಂದವೇ ಅನ್ನಿಸುತ್ತದೆ. ಎಲ್ಲರಿಗೂ ಅನ್ನಿಸಬೇಕೆಂದಿಲ್ಲ.

ಎರಡನೆಯ ಪ್ರಶ್ನೆ, ಈ ಬಟ್ಟೆಯನ್ನು ಎಷ್ಟು ಸಲ ಒಗೆಯುತ್ತೀರಿ? ದಿನಾ ಮೈ ಒರೆಸುವ ಬೈರಾಸಿಗೂ ವರ್ಷಕ್ಕೊಮ್ಮೆ ಉಡುವ ಸೀರೆಗೂ ಒಂದೇ ಬಣ್ಣ ಹುಡುಕುವುದು ಸುಮ್ನೆ ಖರ್ಚು. ಈ ಎರಡು ಪ್ರಶ್ನೆ ಮುಗಿದ ಮೇಲೆಯೇ ನೇರಳೆಯೋ ಹಸಿರೋ ಎನ್ನುವ ಮಾತು.

ಪ್ಯಾಕೆಟ್ ಬಣ್ಣ

ದಿನಸಿ ಅಂಗಡಿ, ಫ್ಯಾನ್ಸಿ ಅಂಗಡಿಗಳಲ್ಲಿ ಸಣ್ಣ ಪೊಟ್ಟಣದಲ್ಲಿ ಸಿಗುವ, ಉಪ್ಪು ಹಾಕಿ ಕುದಿಸುವ ಬಣ್ಣ ಹೆಚ್ಚಾಗಿ ಡೈರೆಕ್ಟ್ ಜಾತಿಯದ್ದು. ಇದರ ಮೂಲಪುರುಷ ಕಾಂಗೋ ರೆಡ್, 1884ರಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು. ಅಲ್ಲಿಯವರೆಗೆ ಹತ್ತಿಗೆ ಹೆಚ್ಚಿನ ಬಣ್ಣ ಹತ್ತಿಸಬೇಕಾದರೆ ಪಟಿಕವೋ ಅಳಲೆಯೋ ಹಾಕಿ ದಿನಗಟ್ಟಲೆ ಹದ ಮಾಡಬೇಕಿತ್ತು. ಇದು ಬಂದ ಮೇಲೆ ನೀರು, ಉಪ್ಪು, ಬಣ್ಣ, ಮುಕ್ಕಾಲು ಗಂಟೆ ಕುದಿ, ಮುಗಿಯಿತು.

ಸುಲಭ, ನಿಜ. ಆದರೆ ಈ ಬಣ್ಣ ನೂಲಿನ ಒಳಗೆ ಹೋಗಿ ಕುಳಿತಿರುತ್ತದೆ ಅಷ್ಟೆ, ಹಿಡಿದುಕೊಂಡಿರುವುದಿಲ್ಲ. ನೀರು ಕಂಡಾಗಲೆಲ್ಲ ಸ್ವಲ್ಪ ಸ್ವಲ್ಪ ಎದ್ದು ಹೊರಗೆ ಬರುತ್ತದೆ. ನಾನು ಮೊದಲು ಅದ್ದಿದ ಕೆಂಪು ಬೈರಾಸಿಗೆ ಹಾಕಿದ್ದು ಇದೇ. ಅಂಗಡಿಯವರು "ಪಕ್ಕಾ ಬಣ್ಣ" ಎಂದೇ ಕೊಟ್ಟಿದ್ದರು. ಮುಂದಿನ ವಾರ ಮನೆಯ ಬಿಳಿ ಪಂಚೆಗಳೆಲ್ಲ ಗುಲಾಬಿ. ಅಪ್ಪ ಆ ಪಂಚೆ ಉಟ್ಟುಕೊಂಡೇ ಹಾಲು ತರಲು ಹೋದರು, ಬೇಕೆಂದೇ.

ಹಾಗಂತ ಇದನ್ನು ಪೂರ್ತಿ ತಳ್ಳಿಹಾಕಬೇಡಿ. ಅಷ್ಟಮಿಗೆ ಮುದ್ದುಕೃಷ್ಣನ ವೇಷ, ಶಾಲೆಯ ನಾಟಕದ ಪರದೆ, ಒಂದು ಸಲ ಉಟ್ಟು ಎತ್ತಿಡುವ ಶಾಲು, ಇಂಥದಕ್ಕೆ ಇದೇ ಸರಿ. ಇದರ ಕೆಲವು ಬಣ್ಣಗಳು ಬಿಸಿಲಿಗೂ ಚೆನ್ನಾಗಿ ತಡೆಯುತ್ತವೆ, ಹಾಗಾಗಿ ಅಪರೂಪಕ್ಕೆ ಒಗೆಯುವ ಕಿಟಕಿ ಪರದೆಗೆ ತೊಂದರೆ ಇಲ್ಲ. ಅದ್ದಿದ ಮೇಲೆ ಡೈ ಫಿಕ್ಸರ್ ನೀರಲ್ಲಿ ನೆನೆಸಿದರೆ ಒಗೆತಕ್ಕೆ ಇನ್ನಷ್ಟು ದಿನ ಬಾಳುತ್ತದೆ. ಒಂದೇ ಎಚ್ಚರಿಕೆ. ಈ ಜಾತಿಯ ಹಳೇ ಬಣ್ಣಗಳಲ್ಲಿ ಕೆಲವು ಬೆಂಜಿಡಿನ್ ಎಂಬ ಕ್ಯಾನ್ಸರ್‌ಕಾರಕದಿಂದ ಮಾಡಿದಂಥವು. ನಮ್ಮ ಸರ್ಕಾರ 1990ರ ದಶಕದಲ್ಲೇ ಅವನ್ನು ನಿಷೇಧಿಸಿದೆ. ಹಾಗಾಗಿ ಹೆಸರಿಲ್ಲದ, ವಿಳಾಸವಿಲ್ಲದ ಪೊಟ್ಟಣ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಬೇಡ.

ರಿಯಾಕ್ಟಿವ್: ನನ್ನ ಮತ ಇದಕ್ಕೆ

ಹತ್ತಿ ಬಟ್ಟೆಗೆ ಯಾವುದು ಹಾಕಲಿ ಎಂದು ಯಾರಾದರೂ ಕೇಳಿದರೆ ಹೆಚ್ಚು ಯೋಚಿಸದೆ ರಿಯಾಕ್ಟಿವ್ ಎನ್ನುತ್ತೇನೆ. ಪ್ರೋಸಿಯಾನ್ ಹೆಸರಲ್ಲಿ 1956ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದು ನೂಲಿನಲ್ಲಿ ಸುಮ್ಮನೆ ಕೂರುವ ಬಣ್ಣವಲ್ಲ. ಸೋಡಾದ ಕ್ಷಾರ ಸಿಕ್ಕಿದ ಕೂಡಲೇ ಹತ್ತಿಯ ಕಣದ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಬಣ್ಣವೂ ನೂಲೂ ಒಂದೇ ವಸ್ತು ಆದ ಹಾಗೆ. ಆಮೇಲೆ ನೀರಿಗೆ ಅದನ್ನು ಎಬ್ಬಿಸಲು ಆಗುವುದಿಲ್ಲ.

ನಮ್ಮೂರಿಗೆ ಇದು ಇನ್ನೂ ಒಂದು ಕಾರಣಕ್ಕೆ ಹೊಂದುತ್ತದೆ. ಇದರಲ್ಲಿ ಕೋಲ್ಡ್ ಬ್ರ್ಯಾಂಡ್ ಎನ್ನುವುದು 30 ಡಿಗ್ರಿ ಸುಮಾರಿಗೇ ಕೆಲಸ ಮಾಡುತ್ತದೆ. ಚಳಿ ದೇಶದವರು ಅದಕ್ಕಾಗಿ ನೀರು ಬೆಚ್ಚಗೆ ಮಾಡಬೇಕು. ಇಲ್ಲಿ ಮಂಗಳೂರು, ಉಡುಪಿಯಲ್ಲಿ ಬಕೆಟ್ ನೀರು ಹೆಚ್ಚುಕಡಿಮೆ ವರ್ಷವಿಡೀ ಆ ಬಿಸಿಯಲ್ಲೇ ಇರುತ್ತದೆ. ಒಲೆ ಬೇಡ, ಗ್ಯಾಸ್ ಬೇಡ. ಅಂಗಡಿಯಲ್ಲಿ ಮಾತ್ರ "ಕೋಲ್ಡ್ ಬ್ರ್ಯಾಂಡ್" ಎಂದೇ ಕೇಳಿ. ಹಾಟ್ ಬ್ರ್ಯಾಂಡ್ ಎಂದು ಇನ್ನೊಂದಿದೆ, ಅದಕ್ಕೆ 80 ಡಿಗ್ರಿ ಬೇಕು. ಮನೆಯಲ್ಲಿ ಅದನ್ನು ಹಿಡಿದಿಡುವುದು ಕಷ್ಟ.

ಲೆಕ್ಕ ಹೇಗೆ? ಎಲ್ಲವೂ ಒಣ ಬಟ್ಟೆಯ ತೂಕದ ಮೇಲೆ. ದೊಡ್ಡಮ್ಮನ ಸೀರೆ ತೂಗಿದರೆ 420 ಗ್ರಾಂ ಇತ್ತು. ತೆಳು ಬಣ್ಣಕ್ಕೆ ತೂಕದ ಶೇಕಡಾ ಅರ್ಧದಿಂದ 1ರಷ್ಟು ಪುಡಿ ಸಾಕು, ಮಧ್ಯಮಕ್ಕೆ 2, ಗಾಢಕ್ಕೆ 3ರಿಂದ 4. ಕಪ್ಪು ಮಾತ್ರ ಹೊಟ್ಟೆಬಾಕ, 6ರಿಂದ 8 ಕೇಳುತ್ತದೆ. ನಾನು 3 ಶೇಕಡಾ ಹಿಡಿದೆ, ಅಂದರೆ ಹನ್ನೆರಡೂವರೆ ಗ್ರಾಂ. ನೀರು ಬಟ್ಟೆಯ ತೂಕದ 20 ಪಟ್ಟು, ಎಂಟೂವರೆ ಲೀಟರ್. ಒಂದು ಲೀಟರಿಗೆ 50 ಗ್ರಾಂ ಉಪ್ಪು, 15 ಗ್ರಾಂ ಸೋಡಾ ಆಶ್. ಅಷ್ಟು ಉಪ್ಪು ಅಂದರೆ 425 ಗ್ರಾಂ! ಮೊದಲ ಸಲ ತೂಗಿದಾಗ ಉಪ್ಪಿನಕಾಯಿ ಹಾಕುತ್ತಿದ್ದೇನೋ ಅನ್ನಿಸಿತ್ತು. ಉಪ್ಪಿನ ಕೆಲಸ ಬಣ್ಣವನ್ನು ನೀರಿನಿಂದ ನೂಲಿನ ಕಡೆಗೆ ತಳ್ಳುವುದು. ಬೆಸೆಯುವುದು ಸೋಡಾದ ಕೆಲಸ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಪುಡಿಯನ್ನು ಮೊದಲು ಸ್ವಲ್ಪ ನೀರಲ್ಲಿ ಗಂಟಿಲ್ಲದೆ ಕಲಸಿ, ಉಪ್ಪು ಕರಗಿಸಿದ ಬಕೆಟಿಗೆ ಸುರಿಯಿರಿ. ಪೂರ್ತಿ ಒದ್ದೆ ಮಾಡಿದ ಬಟ್ಟೆಯನ್ನು ಇಳಿಸಿ. ಅರ್ಧ ಗಂಟೆ ಆಡಿಸುತ್ತಾ ಇರಿ. ಬಟ್ಟೆ ಮೇಲೆತ್ತಿ, ಬೇರೆ ನೀರಲ್ಲಿ ಕರಗಿಸಿದ ಸೋಡಾ ಸೇರಿಸಿ ಕದಡಿ, ಮತ್ತೆ ಬಟ್ಟೆ ಇಳಿಸಿ ಒಂದು ಗಂಟೆ. ಸೋಡಾವನ್ನು ನೇರ ಬಟ್ಟೆಯ ಮೇಲೆ ಸುರಿದರೆ ಅಲ್ಲೊಂದು ಕಡು ಮಚ್ಚೆ ಗ್ಯಾರಂಟಿ. ಆ ಒಂದೂವರೆ ಗಂಟೆ ಫೋನು ನೋಡುತ್ತಾ ಕೂತರೆ ಮಡಿಕೆ ಮಡಿಕೆಯಾಗಿ ಬಣ್ಣ ಹತ್ತುತ್ತದೆ. ಕೈ ಆಡುತ್ತಲೇ ಇರಬೇಕು.

ಇಲ್ಲಿ ಎಲ್ಲರೂ ತಪ್ಪುವುದು ಎರಡು ಕಡೆ. ಒಂದು, ಸೋಡಾ. ಅಡುಗೆ ಸೋಡಾ ಬೇರೆ, ಸೋಡಾ ಆಶ್ ಬೇರೆ. ನಾನು ಒಮ್ಮೆ ಇಡ್ಲಿಗೆ ಹಾಕುವ ಸೋಡಾ ಸುರಿದು, ಒಗೆದಾಗ ಅರ್ಧಕ್ಕರ್ಧ ಬಣ್ಣ ಬಚ್ಚಲು ಸೇರಿತು. ಹರಳಿನ ವಾಷಿಂಗ್ ಸೋಡಾ ಆದರೆ ಅದರಲ್ಲಿ ನೀರೇ ಜಾಸ್ತಿ. ಸೋಡಾ ಆಶ್‌ನ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚೇ ತೂಗಬೇಕು.

ಎರಡು, ತೊಳೆಯುವುದು. ಹಾಕಿದ ಬಣ್ಣವೆಲ್ಲ ನೂಲಿಗೆ ಬೆಸೆಯುವುದಿಲ್ಲ. ಒಂದಷ್ಟು ಪಾಲು ನೀರಿನ ಜೊತೆಗೇ ಸೇರಿ ಕೆಡುತ್ತದೆ, ಬಟ್ಟೆಯಲ್ಲಿ ಸುಮ್ಮನೆ ಅಂಟಿಕೊಂಡಿರುತ್ತದೆ. ತಣ್ಣೀರಲ್ಲಿ ಉಪ್ಪು, ಸೋಡಾ ಹೋಗುವವರೆಗೆ ಜಾಲಿಸಿ, ಆಮೇಲೆ ಕುದಿಯುವಷ್ಟು ಬಿಸಿ ನೀರಲ್ಲಿ ಸೋಪು ಹಾಕಿ ಹತ್ತು ನಿಮಿಷ. ಸಾಧ್ಯವಾದರೆ ಎರಡು ಸಲ. "ರಿಯಾಕ್ಟಿವ್ ಹಾಕಿದರೂ ಬಣ್ಣ ಬಿಡುತ್ತದೆ" ಎನ್ನುವವರು ಈ ಬಿಸಿ ತೊಳೆತ ಬಿಟ್ಟವರು.

ತೊಂದರೆಗಳೂ ಇವೆ. ಪುಡಿ ಮೂಗಿಗೆ ಹೋದರೆ ಉಬ್ಬಸ, ಅಲರ್ಜಿ ಬರಬಹುದು. ಮಾಸ್ಕ್ ಹಾಕಿ, ಫ್ಯಾನ್ ಆರಿಸಿ ತೂಗಿ. ಸೋಡಾ ಸೇರಿಸಿದ ಬಕೆಟನ್ನು ನಾಳೆಗೆ ಇಟ್ಟರೆ ಅದು ಬರೀ ಬಣ್ಣದ ನೀರು, ಬಟ್ಟೆಗೆ ಕಚ್ಚುವುದಿಲ್ಲ. ಪುಡಿಗೂ ಹಸಿ ಆಗದು. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ದೀಪಾವಳಿಗೆ ಬಣ್ಣದ ಶಕ್ತಿ ಅರ್ಧ. ಉಪ್ಪು, ಸೋಡಾ ತುಂಬಿದ ಆ ನೀರನ್ನು ತೆಂಗಿನ ಬುಡಕ್ಕೆ ಸುರಿಯಬೇಡಿ, ಬಾವಿಯ ಹತ್ತಿರವಂತೂ ಬೇಡವೇ ಬೇಡ.

ವ್ಯಾಟ್ ಮತ್ತು ನೀಲಿ

ಒಗೆತ, ಬಿಸಿಲು, ಬೆವರು ಎಲ್ಲದಕ್ಕೂ ಜಗ್ಗದ ಬಣ್ಣ ಬೇಕೆಂದರೆ ವ್ಯಾಟ್. ಕೈಮಗ್ಗದ ನೂಲಿಗೆ ಬಣ್ಣ ಹಾಕುವವರು ಇದನ್ನು ಚೆನ್ನಾಗಿ ಬಲ್ಲರು. 1901ರಲ್ಲಿ ಜರ್ಮನಿಯ ಬಿಎಎಸ್ಎಫ್‌ನಲ್ಲಿ ಇಂಡಾಂತ್ರೀನ್ ನೀಲಿಯಿಂದ ಇದರ ಆಧುನಿಕ ಕತೆ ಶುರು. ಈ ಬಣ್ಣ ನೀರಲ್ಲಿ ಕರಗುವುದೇ ಇಲ್ಲ. ಕಾಸ್ಟಿಕ್ ಸೋಡಾ ಮತ್ತು ಹೈಡ್ರೋಸ್ ಹಾಕಿ ಬಲವಂತವಾಗಿ ಕರಗಿಸಿ, ನೂಲಿಗೆ ಕುಡಿಸಿ, ಹೊರಗೆ ಗಾಳಿಗೆ ಹಿಡಿದರೆ ಒಳಗೇ ಮತ್ತೆ ಕರಗದ ಬಣ್ಣವಾಗಿ ಕೂತುಬಿಡುತ್ತದೆ. ಹೋಗು ಎಂದರೂ ಹೋಗುವುದಿಲ್ಲ.

ಆದರೆ ಮನೆಗೆ ಇದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಕಾಸ್ಟಿಕ್ ಚರ್ಮ ಸುಡುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಹೈಡ್ರೋಸ್ ಇನ್ನೂ ತಂಟೆ. ಹಸಿ ತಾಗಿದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ಪುಡಿ ಅದು. ಗೋಡೆಯೇ ಬೆವರುವ ನಮ್ಮ ಜುಲೈ ತಿಂಗಳಲ್ಲಿ ಅಂಥದ್ದನ್ನು ಅಟ್ಟದ ಮೇಲೆ ಇಡುವುದೇ? ಜೊತೆಗೆ ತೊಟ್ಟಿಯಲ್ಲಿ ಕಾಣುವ ಬಣ್ಣವೇ ಬೇರೆ, ಗಾಳಿಗೆ ಬಂದ ಮೇಲೆ ಕಾಣುವುದೇ ಬೇರೆ. ಕೈ ಪಳಗಿದವರಿಗೆ ಮಾತ್ರ ಅಂದಾಜು ಸಿಗುತ್ತದೆ. ಕೆಂಪಿನಲ್ಲಿ ವ್ಯಾಟ್ ಸ್ವಲ್ಪ ಮಂಕು. ಅದಕ್ಕೇ ಹಿಂದೆ ಕೈಮಗ್ಗದ ಕಡುಕೆಂಪಿಗೆ ನ್ಯಾಪ್ತಾಲ್ ಎಂಬ ಇನ್ನೊಂದು ಜಾತಿಯ ಬಣ್ಣ ಬಳಸುತ್ತಿದ್ದರು. ಬಡಗುತಿಟ್ಟು ಯಕ್ಷಗಾನದ ಕಸೆ ಸೀರೆಯಂತೆ ರಾತ್ರಿಯಿಡೀ ಬೆವರಲ್ಲಿ ನೆನೆಯುವ ಬಟ್ಟೆ ನೇಯಿಸುವುದಿದ್ದರೆ ಪಕ್ಕಾ ಬಣ್ಣ ಬಲ್ಲವರ ಕೈಗೇ ನೂಲು ಕೊಡಿ.

ವ್ಯಾಟ್ ಕುಟುಂಬದಲ್ಲಿ ಮನೆಗೆ ಬರಬಹುದಾದ ಒಂದೇ ಸದಸ್ಯ ನೀಲಿ, ಅಂದರೆ ಇಂಡಿಗೋ. ಕಾರ್ಖಾನೆಯ ನೀಲಿ 1897ರಲ್ಲಿ ಮಾರುಕಟ್ಟೆಗೆ ಬಂದು ಗಿಡದ ನೀಲಿಯನ್ನು ಮೂಲೆಗೆ ತಳ್ಳಿತು. ಅದ್ದುವ ಕ್ರಮ ಎರಡಕ್ಕೂ ಒಂದೇ. ಹೈಡ್ರೋಸ್ ಬೇಡವೆಂದರೆ ಸುಣ್ಣ ಮತ್ತು ಸಕ್ಕರೆಯ ದಾರಿ ಇದೆ. ನೀಲಿ ಒಂದು ಪಾಲು, ಸುಣ್ಣ ಎರಡು, ಹಣ್ಣಿನ ಸಕ್ಕರೆ (ಫ್ರಕ್ಟೋಸ್) ಮೂರು. ಬೆಲ್ಲದಿಂದಲೂ ಆಗುತ್ತದೆ, ಜಾಸ್ತಿ ಬೇಕು, ಕಾಯುವುದೂ ಜಾಸ್ತಿ. ಕರಾವಳಿಯ ಚಿಪ್ಪಿನ ಸುಣ್ಣ ಸಿಕ್ಕರೆ ಅದೂ ನಡೆಯುತ್ತದೆ. ನೀರಿನ ಮೇಲೆ ತಾಮ್ರದ ಹೊಳಪಿನ ಕೆನೆ, ಅದರ ಕೆಳಗೆ ಹಳದಿ ಮಿಶ್ರಿತ ಹಸಿರು ಕಂಡರೆ ತೊಟ್ಟಿ ತಯಾರು. ಬಟ್ಟೆ ಐದು ನಿಮಿಷ ಮುಳುಗಿಸಿ ಎತ್ತಿದರೆ ಹಸಿರಾಗಿರುತ್ತದೆ, ಕಣ್ಣ ಮುಂದೆಯೇ ನೀಲಿಯಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಸಾಕಾಗಿಲ್ಲ. ಕಡು ಬೇಕೆಂದರೆ ಹೊತ್ತು ಹೆಚ್ಚಿಸುವುದಲ್ಲ, ಮುಳುಗು ಹೆಚ್ಚಿಸಬೇಕು. ಆರು, ಎಂಟು, ಹತ್ತು ಸಲ.

ದೋಷ ಒಂದೇ. ನೀರಿಗೆ ಹೋಗದಿದ್ದರೂ ಉಜ್ಜಿದರೆ ಹೋಗುತ್ತದೆ. ಹೊಸ ನೀಲಿ ಕುರ್ತಾ ಹಾಕಿ ಬಿಳಿ ಸೋಫಾದ ಮೇಲೆ ಕೂರಬೇಡಿ.

ಮರ, ತೊಗಟೆ, ಸಿಪ್ಪೆ

ನೈಸರ್ಗಿಕ ಬಣ್ಣ ಎಂದ ಕೂಡಲೇ ಬೀಟ್‌ರೂಟ್, ಅರಿಸಿನ ಎತ್ತಿಕೊಂಡು ಬರುತ್ತಾರೆ. ಬೀಟ್‌ರೂಟ್ ಬಣ್ಣ ಪಲ್ಯಕ್ಕೆ ಮಾತ್ರ. ಅರಿಸಿನ ಬಟ್ಟೆಗೆ ಚೆನ್ನಾಗಿ ಹತ್ತುತ್ತದೆ, ಆದರೆ ಬಿಸಿಲಿಗೆ ಓಡಿಹೋಗುತ್ತದೆ, ಸೋಪು ತಾಗಿದರೆ ಕೆಂಪಾಗುತ್ತದೆ. ಅದೇ ಬಾಳೆದಿಂಡು ಹೆಚ್ಚುವಾಗ ಸೀರೆಗೆ ತಾಗಿದ ಕರೆ ನೋಡಿ, ಜನ್ಮಕ್ಕೂ ಹೋಗುವುದಿಲ್ಲ. ಗೇರುಹಣ್ಣಿನ ರಸವೂ ಹಾಗೇ. ಎರಡರಲ್ಲೂ ಇರುವುದು ಚೊಗರು ಗುಣ, ಟ್ಯಾನಿನ್. ಯಾವುದನ್ನು ತಿಂದರೆ ನಾಲಗೆ ಒಗರಾಗಿ ದಪ್ಪಗಾಗುತ್ತದೋ ಅದು ಬಟ್ಟೆಗೂ ಅಂಟುವ ಸಂಭವ ಹೆಚ್ಚು. ನಾನು ಹೊಸ ಕಾಯಿ, ಸಿಪ್ಪೆ ನೋಡಿದಾಗ ಮೊದಲು ಮಾಡುವ ಅಂದಾಜು ಇದೇ. ವಿಷದ್ದನ್ನು ನೆಕ್ಕಿ ನೋಡಲು ಹೋಗಬೇಡಿ ಮತ್ತೆ!

ನಮ್ಮ ಕಡೆ ಸುಲಭಕ್ಕೆ ಸಿಗುವ ಪೈಕಿ ಹಲಸಿನ ಮರದ ಹೊಟ್ಟು ನನಗೆ ಎಲ್ಲಕ್ಕಿಂತ ಇಷ್ಟ. ಮರದ ಮಿಲ್ಲಿನಲ್ಲಿ ಕೇಳಿದರೆ ಚೀಲದಲ್ಲಿ ತುಂಬಿ ಕೊಡುತ್ತಾರೆ. ಒಳಗಿನ ಹಳದಿ ತಿರುಳಿನ ಹೊಟ್ಟೇ ಆಗಬೇಕು. ಪಟಿಕದ ಜೊತೆ ಚಿನ್ನದ ಹಳದಿ ಕೊಡುತ್ತದೆ, ಅರಿಸಿನದಂತೆ ಓಡುವುದಿಲ್ಲ. ಗೇರುಬೀಜದ ಫ್ಯಾಕ್ಟರಿಯಲ್ಲಿ ತಿರುಳಿನ ಮೇಲಿಂದ ತೆಗೆಯುವ ತೆಳು ಕೆಂಪು ಸಿಪ್ಪೆಯಲ್ಲೂ ಟ್ಯಾನಿನ್ ತುಂಬಾ, ಕಂದು ಬರುತ್ತದೆ. ಹೊರಗಿನ ಗಟ್ಟಿ ಚಿಪ್ಪು ಮಾತ್ರ ಮುಟ್ಟಬೇಡಿ, ಅದರ ಎಣ್ಣೆ ಚರ್ಮ ಸುಟ್ಟು ಗುಳ್ಳೆ ಎಬ್ಬಿಸುತ್ತದೆ. ಮಂಜಿಷ್ಠ, ಅಳಲೆಕಾಯಿ, ಪಟಿಕ, ಅನ್ನಭೇದಿ (ಕಬ್ಬಿಣದ ಲವಣ) ಇವೆಲ್ಲ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವೆ.

ಅಡಿಕೆ ಚೊಗರಿನ ಕೆಂಪುಗಂದು ಬಣ್ಣ ಬೇಕೆಂದು ಕೇಳುವವರು ಬಹಳ. ಸಾಗರದ ಹತ್ತಿರ ಭೀಮನಕೋಣೆಯ ಚರಕ ಸಂಸ್ಥೆಯ ಬಟ್ಟೆ ನೋಡಿ ಆಸೆ ಆಗಿರುತ್ತದೆ. "ನಮ್ಮ ತೋಟದಲ್ಲೇ ಅಡಿಕೆ ಇದೆಯಲ್ಲ" ಎನ್ನುತ್ತಾರೆ. ಇದೆ, ಆದರೆ ನಾವು ಮಾಡುವುದು ಚಾಲಿ. ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಗಿಸಿ ಸುಲಿಯುವುದು. ಚೊಗರು ಹುಟ್ಟುವುದು ಮಲೆನಾಡಿನವರು ಎಳೆ ಅಡಿಕೆ ಸುಲಿದು ಬೇಯಿಸುವಾಗ. ಹಾಗಾಗಿ ಘಟ್ಟ ಹತ್ತಿ ತರಬೇಕು, ಇಲ್ಲವೇ ಅಲ್ಲಿನ ನೆಂಟರಿಗೆ ಹೇಳಿಡಬೇಕು.

ಹತ್ತಿಗೆ ಇವನ್ನು ಹತ್ತಿಸುವುದು ಒಂದು ದಿನದ ಕೆಲಸವಲ್ಲ. ಮೊದಲು ಸೋಡಾ ಹಾಕಿ ಕುದಿಸಿ ಮೇಣ ತೆಗೆಯಬೇಕು. ಬಟ್ಟೆಯ ತೂಕದ 15ರಿಂದ 20 ಶೇಕಡಾ ಅಳಲೆ ಪುಡಿಯ ನೀರಲ್ಲಿ ಒಂದು ರಾತ್ರಿ. ಹಿಂಡಿ, ಹೆಚ್ಚುಕಡಿಮೆ ಅಷ್ಟೇ ಪಟಿಕದ ನೀರಲ್ಲಿ ಇನ್ನೊಂದು ರಾತ್ರಿ. ಆಮೇಲೆ ಬಣ್ಣದ ಕಷಾಯ. ಮಂಜಿಷ್ಠ ಆದರೆ 70 ಡಿಗ್ರಿ ದಾಟಿಸಬೇಡಿ, ದಾಟಿದರೆ ಕೆಂಪು ಮಂಕಾಗಿ ಕಂದಿನತ್ತ ತಿರುಗಬಹುದು. ಬಣ್ಣ ಕಪ್ಪಗಾಗಬೇಕೆಂದರೆ ಕೊನೆಗೆ ಚಿಟಿಕೆ ಅನ್ನಭೇದಿ. ಜಾಸ್ತಿ ಹಾಕಿದರೆ ವರ್ಷ ಕಳೆಯುವುದರಲ್ಲಿ ಬಟ್ಟೆ ಲಡ್ಡು ಹಿಡಿದು ಹರಿಯುತ್ತದೆ.

ಶ್ರಮ ಜಾಸ್ತಿ, ಹೋದ ಸಲದ ಬಣ್ಣ ಈ ಸಲ ಬರುವುದಿಲ್ಲ, ಒಗೆಯಲು ಅಂಟುವಾಳವೇ ಬೇಕು. ಎಲ್ಲ ಗೊತ್ತಿದ್ದೂ ವರ್ಷಕ್ಕೆರಡು ಸಲ ಮಾಡುತ್ತೇನೆ. ಆದರೆ "ಕೆಮಿಕಲ್ ಇಲ್ಲ, ಹಾಗಾಗಿ ಒಳ್ಳೆಯದು" ಎನ್ನುವ ಮಾತಿಗೆ ನಾನಿಲ್ಲ. ಪಟಿಕವೂ ಕೆಮಿಕಲ್ಲೇ, ಅನ್ನಭೇದಿಯೂ ಕೆಮಿಕಲ್ಲೇ.

ಈ ಬಗೆಯ ಹುಡುಕಾಟ ನಮ್ಮೂರಿಗೆ ಹೊಸತಲ್ಲ ಬಿಡಿ. 1851ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಗೆ ಬಂದ ಜಾನ್ ಹಾಲರ್ ಇಲ್ಲೇ ಖಾಕಿ ಬಣ್ಣ ಕಂಡುಹಿಡಿದರು ಎಂಬ ಮಾತು ಊರಲ್ಲಿ ಚಾಲ್ತಿಯಲ್ಲಿದೆ. ಪೇಶಾವರದಲ್ಲಿದ್ದ ಬ್ರಿಟಿಷರ ಗೈಡ್ಸ್ ಪಡೆ ಅದಕ್ಕೂ ಮೊದಲೇ ಖಾಕಿ ತೊಟ್ಟಿತ್ತು ಎನ್ನುವುದನ್ನು ಹೇಳಿದರೆ ಇಲ್ಲಿ ಯಾರಿಗೂ ಖುಷಿಯಾಗುವುದಿಲ್ಲ.

ರೇಷ್ಮೆ ಇದ್ದರೆ

ರೇಷ್ಮೆಗೂ ಉಣ್ಣೆಗೂ ಆ್ಯಸಿಡ್ ಡೈ. ಹೆಸರು ಕೇಳಿ ಹೆದರಬೇಡಿ, ಇಲ್ಲಿ ಆ್ಯಸಿಡ್ ಎಂದರೆ ಅಡುಗೆಮನೆಯ ವಿನೆಗರ್. 85 ಡಿಗ್ರಿ ಸುಮಾರಿನ ನೀರಲ್ಲಿ, ಕುದಿಯಲು ಬಿಡದೆ, ಮುಕ್ಕಾಲು ಗಂಟೆ. ಅದೇ ನೀರಲ್ಲಿ ತಣ್ಣಗಾಗಲು ಬಿಡಿ. ನೀರು ಹೆಚ್ಚುಕಡಿಮೆ ಬಣ್ಣವಿಲ್ಲದೆ ತಿಳಿಯಾಗುತ್ತದೆ, ಎಲ್ಲವನ್ನೂ ರೇಷ್ಮೆಯೇ ಕುಡಿದಿರುತ್ತದೆ. ನೈಸರ್ಗಿಕ ಬಣ್ಣ ಶುರು ಮಾಡುವವರೂ ಹತ್ತಿ ಬಿಟ್ಟು ರೇಷ್ಮೆಯಿಂದಲೇ ಶುರು ಮಾಡಿ, ಅಳಲೆಯ ಹಂಗಿಲ್ಲದೆ ಬರೀ ಪಟಿಕಕ್ಕೇ ಹಿಡಿಯುತ್ತದೆ. ಜರಿ ಇರುವ ಸೀರೆ ಮಾತ್ರ ಯಾವ ತೊಟ್ಟಿಗೂ ಇಳಿಸಬೇಡಿ.

ಬಟ್ಟೆ ಅದ್ದುವುದೋ, ನೂಲು ಅದ್ದುವುದೋ

ಮೊದಲ ಸಲದವರಿಗೆ ಬಟ್ಟೆಯೇ ಸುಲಭ. ನೂಲು ಸಿಕ್ಕುಹಾಕಿಕೊಂಡರೆ ಬಿಡಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಉಡುಪಿ ಸೀರೆಗೆ ಬಳಸುವ 80 ಕೌಂಟ್ ನೂಲು ಅಂದರೆ, 840 ಗಜದ ಲಡಿ 80 ಸೇರಿದರೆ ಒಂದು ಪೌಂಡ್ ತೂಗುವಷ್ಟು ಸಪೂರ. 454 ಗ್ರಾಂ ತೂಕದಲ್ಲಿ 61 ಕಿಲೋಮೀಟರ್ ದಾರ. ಮಂಗಳೂರಿನಿಂದ ಉಡುಪಿಗೆ ಎಳೆದರೂ ಮಿಗುತ್ತದೆ! ಅದನ್ನು ಬಕೆಟಲ್ಲಿ ಗಿರಗಿರ ತಿರುಗಿಸಿದರೆ ಕತೆ ಮುಗಿಯಿತು. ಲಡಿಯನ್ನು ನಾಲ್ಕು ಕಡೆ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಬೇಕು. ಬಿಗಿ ಕಟ್ಟಿದರೆ ಕಟ್ಟಿನ ಕೆಳಗೆ ಬಿಳಿ ಉಳಿಯುತ್ತದೆ. ಕೋಲಿಗೆ ನೇತುಹಾಕಿ, ಲಡಿಯನ್ನು ಆಗಾಗ ಸರಿಸುತ್ತಾ ಅದ್ದಬೇಕು. ಕೋರಾ ನೂಲು, ಅಂದರೆ ಇನ್ನೂ ಬೇಯಿಸದ ಹಸಿ ನೂಲು, ನೀರನ್ನೇ ಕುಡಿಯುವುದಿಲ್ಲ, ತೇಲುತ್ತದೆ. ಸೋಡಾ, ಸೋಪು ಹಾಕಿ ಒಂದು ಗಂಟೆ ಕುದಿಸಿದ ಮೇಲೆಯೇ ಬಣ್ಣದ ಮಾತು. ಒಂದು ಸೀರೆಗೆ ಬೇಕಾದಷ್ಟನ್ನು ಒಂದೇ ತೊಟ್ಟಿಯಲ್ಲಿ ಮುಗಿಸಿ. ನಾಳೆಯ ತೊಟ್ಟಿಯ ಕೆಂಪು ಇವತ್ತಿನ ಕೆಂಪಲ್ಲ, ನೇಯ್ದ ಮೇಲೆ ಗೆರೆ ಕಾಣುತ್ತದೆ.

ಇಷ್ಟು ಕಷ್ಟ ಯಾಕೆ ಎಂದರೆ, ಹಾಸು ಒಂದು ಬಣ್ಣ, ಹೊಕ್ಕು ಒಂದು ಬಣ್ಣ, ಅಂಚು ಇನ್ನೊಂದು ಎಂದು ಆಟ ಆಡಲು ಆಗುವುದು ನೂಲಲ್ಲಿ ಮಾತ್ರ. ಉಡುಪಿ ಸೀರೆಯ ಅಂದ ಇರುವುದೇ ಅಲ್ಲಿ. 2016ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕ ಸೀರೆ ಇದು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಈಗಲೂ ನೇಯುತ್ತಾರೆ, ಕಾರ್ಕಳದ ಕದಿಕೆ ಟ್ರಸ್ಟ್ ಇದನ್ನು ಮತ್ತೆ ಎಬ್ಬಿಸಲು ದುಡಿಯುತ್ತಿದೆ.

ನೀರು, ಪಾತ್ರೆ

ಇಲ್ಲಿನ ಕೆಲವು ಬೋರ್‌ವೆಲ್ ನೀರು ಬಕೆಟಿಗೇ ಕೆಂಪು ಪೊರೆ ಕಟ್ಟಿಸುತ್ತದೆ, ಕಬ್ಬಿಣದ ಅಂಶ. ರಿಯಾಕ್ಟಿವ್‌ಗೆ ಅದರಿಂದ ಬಣ್ಣ ಸ್ವಲ್ಪ ಮಂಕಾಗುತ್ತದೆ. ನೈಸರ್ಗಿಕಕ್ಕಾದರೆ ಚಿನ್ನದ ಹಳದಿ ಹೋಗಿ ಪಾಚಿ ಬಣ್ಣ ಬರುತ್ತದೆ. ಮಳೆನೀರಿನಂಥ ಮೆದು ನೀರು ಬೇರೆ ಇಲ್ಲ. ಮೊದಲ ಎರಡು ಮಳೆ ಹೆಂಚು ತೊಳೆಯಲು ಬಿಟ್ಟು, ಆಮೇಲೆ ಡ್ರಮ್ಮು ಇಡಿ. ನಾನು ವರ್ಷದ ಹಳದಿಗಳನ್ನೆಲ್ಲ ಮಳೆಗಾಲದಲ್ಲೇ ಮುಗಿಸುತ್ತೇನೆ. ಒಣಗಲು ಮೂರು ದಿನ ಹಿಡಿಯುತ್ತದೆ, ಹಿಡಿಯಲಿ. ನೆರಳಲ್ಲಿ ಒಣಗಿದರೇ ಬಣ್ಣಕ್ಕೆ ಒಳ್ಳೆಯದು.

ಪಾತ್ರೆ ಸ್ಟೀಲಿನದ್ದಿರಲಿ. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿನ್ನುತ್ತದೆ. ಬಚ್ಚಲ ತಾಮ್ರದ ಹಂಡೆ ನೈಸರ್ಗಿಕ ಬಣ್ಣವನ್ನು ತನಗೆ ಬೇಕಾದ ಕಡೆ ತಿರುಗಿಸುತ್ತದೆ. ಒಮ್ಮೆ ಬಣ್ಣಕ್ಕೆ ಬಳಸಿದ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು.

ದೊಡ್ಡಮ್ಮನ ಸೀರೆ

ಹತ್ತಿ, ಆಗಾಗ ಉಡುವ ಸೀರೆ, ಹಾಗಾಗಿ ರಿಯಾಕ್ಟಿವ್ ಎಂದು ಮೊದಲೇ ತೀರ್ಮಾನ ಆಗಿತ್ತು. ತಕರಾರು ಇದ್ದದ್ದು ನೇರಳೆಗೆ. ತೊಟ್ಟಿಗೆ ಇಳಿಸಿದರೆ ಮೈಯ ಜೊತೆ ಅಂಚೂ ಮುಳುಗುತ್ತದೆ. ಹಳದಿಯ ಮೇಲೆ ನೇರಳೆ ಬಿದ್ದರೆ ಕೆಸರಿನ ಕಂದು. ಮೈ, ಅಂಚು ಎಲ್ಲ ಒಂದೇ ಆಗಿ ಸೀರೆಯ ಮುಖವೇ ಹೋಗುತ್ತದೆ. ಹಳೇ ಬಟ್ಟೆಗೆ ಬಣ್ಣ ಹಾಕುವಾಗ ಇರುವ ಬಣ್ಣವನ್ನೂ ಲೆಕ್ಕಕ್ಕೆ ಸೇರಿಸಲೇಬೇಕು. ಗಾಢದಿಂದ ತಿಳಿಗೆ ಹೋಗಲು ಆಗುವುದಿಲ್ಲ, ಕಲೆಗಳೂ ಮುಚ್ಚಿಹೋಗುವುದಿಲ್ಲ, ಇನ್ನಷ್ಟು ಎದ್ದು ಕಾಣಬಹುದು.

ಕೆಂಪು ಹಾಕೋಣ ಎಂದೆ. ಬೂದು ನೇರಳೆಯ ಮೇಲೆ ಕೆಂಪು ಬಿದ್ದರೆ ಒಣಮೆಣಸಿನ ಕಡುಗೆಂಪು, ಹಳದಿ ಅಂಚಿನ ಮೇಲೆ ಬಿದ್ದರೆ ಕೇಸರಿ. ಎರಡೂ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ದೊಡ್ಡಮ್ಮ ಮುಖ ಸಣ್ಣ ಮಾಡಿದರು. ಸೀರೆಗೆ ಸೇರಿದ ರವಿಕೆ ತುಂಡಿನ ಮೂಲೆಯಿಂದ ಕತ್ತರಿಸಿದ ಎರಡು ಚೂರು, ಒಂದು ನೇರಳೆಯಲ್ಲಿ, ಒಂದು ಕೆಂಪಿನಲ್ಲಿ ಅದ್ದಿ, ಒಣಗಿಸಿ ತೋರಿಸಿದೆ. ಆಮೇಲೆ ಮಾತಾಡಲಿಲ್ಲ.

ಮೂರನೇ ದಿನ ಒಣಗಿದ ಸೀರೆಗೆ ಕುಚ್ಚಲಕ್ಕಿ ಗಂಜಿ ತೆಳಿ ಹಾಕಿ, ಇಸ್ತ್ರಿ ಮಾಡಿ ಕೊಟ್ಟೆ. ಅವರು ಸೆರಗನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಚೀಲಕ್ಕೆ ಕೈ ಹಾಕಿ ಒಂದು ಬಿಳಿ ರವಿಕೆ ತೆಗೆದರು.

"ಇದನ್ನೂ ಇದೇ ಕೆಂಪು ಮಾಡಿಬಿಡು. ಹೇಗೂ ಬಕೆಟ್ ತಯಾರಿದೆಯಲ್ಲ."

ಒಂದು ಎಳೆ ಕಿತ್ತು ಕಡ್ಡಿ ಗೀರಿದೆ. ಸುರುಟಿಕೊಂಡು ಕರಗಿತು, ತುದಿಯಲ್ಲಿ ಗಟ್ಟಿ ಮಣಿ.

"ಇದಕ್ಕೆ ಹೊಸ ರವಿಕೆಯೇ ತಗೊಳ್ಳಿ ದೊಡ್ಡಮ್ಮ" ಎಂದೆ.